ಕಬಿನಿ ದಂಡೆಯ ಕಾಡಿನಲ್ಲಿ ಮನೆ ಇತ್ತು ಅನ್ನೋದಕ್ಕೆ ದಾಖಲೆ ಯಾರ ಹತ್ತಿರ ಇದೆ?

2025ರಲ್ಲಿ ನಾಗರಹೊಳೆ ಎರಡು ಸಲ ದೊಡ್ಡ ಸುದ್ದಿಯಾಯಿತು. ಮೇ ತಿಂಗಳ ಮೊದಲ ವಾರ 52 ಜೇನು ಕುರುಬ ಆದಿವಾಸಿ ಕುಟುಂಬಗಳು ಕಾಡಿನೊಳಗೆ ಹೋಗಿ, ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬ ಜಾಗದಲ್ಲಿ ಗುಡಿಸಲು ಹಾಕಲು ಶುರು ಮಾಡಿದವು. ಇದು ನಮ್ಮದೇ ಹಾಡಿ (ಆದಿವಾಸಿಗಳ ಊರು), ಸುಮಾರು ನಲವತ್ತು ವರ್ಷದ ಹಿಂದೆ ನಮ್ಮನ್ನು ಇಲ್ಲಿಂದ ಎಬ್ಬಿಸಿದ್ದರು ಎಂಬುದು ಅವರ ಮಾತು. ಇದು ಕಾನೂನು ಬಾಹಿರ ಪ್ರವೇಶ ಎಂಬುದು ಅರಣ್ಯ ಇಲಾಖೆಯ ಮಾತು. ಅದೇ ವರ್ಷ ನವೆಂಬರ್‌ನಲ್ಲಿ, ಸರಗೂರು ಸುತ್ತಮುತ್ತ ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ, ನಾಗರಹೊಳೆ ಮತ್ತು ಬಂಡೀಪುರದಲ್ಲಿ ಸಫಾರಿ ನಿಲ್ಲಿಸಿ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಸೂಚಿಸಿದರು.

ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಕಾಡಿನೊಳಗೆ ಮನುಷ್ಯರು ಇರಬಾರದು ಅಂದರೆ ಸಫಾರಿ ಜೀಪು ಹೇಗೆ ಓಡಾಡುತ್ತಿತ್ತು? ಜನರನ್ನು ಹೊರಗೆ ಕಳಿಸಿ ಕಾಡನ್ನು ಹುಲಿಗೆ ಬಿಟ್ಟುಕೊಟ್ಟಿದ್ದರೆ ಹುಲಿ ಹೊಲಕ್ಕೆ ಯಾಕೆ ಬರುತ್ತದೆ? ಆದಿವಾಸಿಗಳಿಗೆ ಹಕ್ಕು ಕೊಡುವ ಕಾನೂನೂ ಇದೆ, ಅವರನ್ನು ಸ್ಥಳಾಂತರ ಮಾಡುವ ಕಾನೂನೂ ಇದೆ. ಹಾಗಾದರೆ ಯಾವುದು ದೊಡ್ಡದು?

ಉತ್ತರ ಹುಡುಕಬೇಕಾದರೆ ಹುಲಿಯಿಂದ ಶುರು ಮಾಡಿದರೆ ಆಗುವುದಿಲ್ಲ. ಈ ಕಾಡಿನ ಸುತ್ತ ಮೊದಲ ಗೆರೆ ಎಳೆದಾಗ ಹುಲಿಯನ್ನು ಕಾಪಾಡುವ ಯೋಚನೆ ಯಾರಿಗೂ ಇರಲಿಲ್ಲ. ಆಗ ಬೇಕಾಗಿದ್ದದ್ದು ಮರ.

ಒಂದು ನದಿ, ಎರಡು ಆಡಳಿತ

ಕಬಿನಿ ವಯನಾಡಿನಲ್ಲಿ ಹುಟ್ಟಿ, ಎಚ್.ಡಿ. ಕೋಟೆ ಸೀಮೆ ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಅದರ ಉತ್ತರ ದಂಡೆಗೆ ನಾಗರಹೊಳೆ, ದಕ್ಷಿಣ ದಂಡೆಗೆ ಬಂಡೀಪುರ. ನಾಗರಹೊಳೆ ಅಂದರೆ ಹಾವಿನ ಹಾಗೆ ಹರಿಯುವ ಹೊಳೆ. ಲಕ್ಷ್ಮಣತೀರ್ಥ, ಸಾರತಿ ಹೊಳೆ, ತಾರಕ ಹೊಳೆ, ಬಳ್ಳೆ ಹಳ್ಳ, ಹೀಗೆ ಕಾಡಿನ ತುಂಬ ನೀರಿನ ಎಳೆಗಳು. ನಡುನಡುವೆ ಹಡ್ಲು, ಅಂದರೆ ಜೌಗು ಹುಲ್ಲುಗಾವಲು. ಬೇಸಿಗೆಯಲ್ಲೂ ಅಲ್ಲಿ ಹಸಿರು ಇರುತ್ತದೆ. ಅದಕ್ಕೇ ಜಿಂಕೆ, ಕಾಟಿ, ಆನೆ ಇಲ್ಲಿ ಜಾಸ್ತಿ. ಅವು ಇರುವುದರಿಂದ ಹುಲಿಯೂ ಜಾಸ್ತಿ.

ಇಂದು ನಾಗರಹೊಳೆ ಪೂರ್ತಿ ಒಂದೇ ಹುಲಿ ಸಂರಕ್ಷಿತ ಪ್ರದೇಶ. ಬ್ರಿಟಿಷರ ಕಾಲದಲ್ಲಿ ಹಾಗಿರಲಿಲ್ಲ. ಕೊಡಗಿನ ಕಡೆಯ ಕಾಡು ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಕೆಳಗಿಳಿಸಿ ಅವರು ಕೊಡಗನ್ನು ವಶ ಮಾಡಿಕೊಂಡಿದ್ದರು. ಕಾಕನಕೋಟೆ ಕಡೆಯ ಕಾಡು ಮೈಸೂರು ಸಂಸ್ಥಾನದ್ದು. ಆದರೆ 1831ರಿಂದ 1881ರವರೆಗೆ ಮೈಸೂರನ್ನೂ ಬ್ರಿಟಿಷ್ ಕಮಿಷನರ್‌ಗಳೇ ಆಳಿದರು. ಮೈಸೂರಿನ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ, ಅದೇ ಅವಧಿಯಲ್ಲಿ. ಅರಸರಿಗೆ ರಾಜ್ಯ ವಾಪಸ್ ಸಿಕ್ಕಿತು ನಿಜ, ಕಾಡನ್ನು ನೋಡುವ ಕಣ್ಣು ಮಾತ್ರ ಬದಲಾಗಲಿಲ್ಲ.

ಮೊದಲು ಬಂದದ್ದು ತೇಗದ ಲೆಕ್ಕ

ಹತ್ತೊಂಬತ್ತನೇ ಶತಮಾನದ ನಡುವೆ ಬ್ರಿಟಿಷರಿಗೆ ಮರದ ಹಸಿವು ವಿಪರೀತ ಇತ್ತು. ಮೊದಲು ಹಡಗಿಗೆ ತೇಗ ಬೇಕಿತ್ತು. ಆಮೇಲೆ ರೈಲು ಹಳಿಯ ಕೆಳಗೆ ಹಾಕಲು ದಿಮ್ಮಿ ಬೇಕಾಯಿತು. ಕಾಡು ಸಿಕ್ಕಾಪಟ್ಟೆ ಖಾಲಿಯಾಗುವುದನ್ನು ಕಂಡು, ಉಳಿದದ್ದನ್ನು ಸರ್ಕಾರವೇ ಹಿಡಿದಿಟ್ಟುಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬಂದರು. ಮೀಸಲು ಅರಣ್ಯ ಎಂಬ ಮಾತು ಹುಟ್ಟಿದ್ದು ಹೀಗೆ. ಕೊಡಗಿನ ಈ ಭಾಗದಲ್ಲಿ ಹತ್ಗಟ್ಟು, ನಾಲ್ಕೇರಿ, ಆರ್ಕೇರಿ ಕಾಡುಗಳು ಮೀಸಲಾದವು. ಇದ್ದ ಕಾಡನ್ನು ಕಡಿದು ತೇಗದ ತೋಪುಗಳನ್ನು ಎಬ್ಬಿಸಿದರು. ನಾಗರಹೊಳೆಯ ರಸ್ತೆಯಲ್ಲಿ ಹೋಗುವಾಗ ಸಾಲಾಗಿ, ಒಂದೇ ಎತ್ತರಕ್ಕೆ ನಿಂತ ತೇಗ ಕಂಡರೆ ಅದು ಆ ಲೆಕ್ಕದ ಉಳಿಕೆ. ಕಾಡು ತಾನಾಗಿ ಸಾಲು ಹಿಡಿದು ಬೆಳೆಯುವುದಿಲ್ಲ.

ಈ ಲೆಕ್ಕದಲ್ಲಿ ಕಾಡಿನ ಜನರಿಗೆ ಎರಡೇ ಪಾತ್ರ ಇತ್ತು. ಕುಮರಿ ಬೇಸಾಯ ಮಾಡಿದರೆ, ಅಂದರೆ ಚಿಕ್ಕ ಜಾಗ ಸವರಿ, ಸುಟ್ಟು, ರಾಗಿ ಬಿತ್ತಿ, ಕೆಲವು ವರ್ಷದ ಮೇಲೆ ಬೇರೆ ಕಡೆ ಹೋದರೆ, ಅವರು ಕಾಡು ಹಾಳು ಮಾಡುವವರು. ಅದನ್ನು ಬಿಟ್ಟು ತೇಗದ ತೋಪಿನಲ್ಲಿ ಕಳೆ ಕಿತ್ತರೆ, ಬೆಂಕಿ ಆರಿಸಿದರೆ, ಕೂಲಿಗಳು. ಇದು ನಮ್ಮ ಜಾಗ ಎನ್ನುವ ಮೂರನೇ ಪಾತ್ರಕ್ಕೆ ಬ್ರಿಟಿಷರ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹಾಗಂತ ಅವರಿಗೆ ಜನ ಕಂಡಿರಲಿಲ್ಲ ಅಂತಲ್ಲ. ಆ ಕಾಲದ ಮೈಸೂರು, ಕೊಡಗಿನ ಗೆಜೆಟಿಯರ್‌ಗಳಲ್ಲಿ ಕಾಡು ಕುರುಬರ ವಿವರ ಬರುತ್ತದೆ. ಬೆಟ್ಟ ಕುರುಬರು, ಜೇನು ಕುರುಬರು ಎಂಬ ಎರಡು ಪಂಗಡ, ಅವರ ಬದುಕಿನ ರೀತಿ, ಎಲ್ಲವೂ ಇದೆ. ಕಾಡಿನ ವರ್ಣನೆ ಬರೆಯುವ ಪುಸ್ತಕದಲ್ಲಿ ಅವರಿದ್ದಾರೆ. ಭೂಮಿ ಯಾರದು ಎಂದು ಬರೆಯುವ ಪುಸ್ತಕದಲ್ಲಿ ಇಲ್ಲ. ಇವತ್ತಿನ ಜಗಳದ ಗಂಟು ಇಲ್ಲೇ ಇದೆ.

ಆನೆ ಹಿಡಿಯಲು ಬೇಕಾದ ಜನ

ಮೈಸೂರಿನ ಕಡೆ ಇನ್ನೊಂದು ಕಥೆ ನಡೆಯಿತು. ಆನೆಗಳ ಹಿಂಡನ್ನೇ ಒಟ್ಟಿಗೆ ಹಿಡಿಯುವ ಖೆಡ್ಡಾವನ್ನು ಮೈಸೂರಿನಲ್ಲಿ ಮೊದಲು ಮಾಡಿ ಗೆದ್ದವನು ಜಿ.ಪಿ. ಸ್ಯಾಂಡರ್ಸನ್. 1870ರ ದಶಕದಲ್ಲಿ, ಚಾಮರಾಜನಗರದ ಹತ್ತಿರ. ಅವನು ನೀರಾವರಿ ಕಾಲುವೆಗಳ ಅಧಿಕಾರಿಯಾಗಿದ್ದವನು. ಕಾಕನಕೋಟೆ ಕಾಡಿನಲ್ಲಿ ಹೈದರಾಲಿ ಹಿಂದೆ ಇದೇ ಪ್ರಯತ್ನ ಮಾಡಿ ಸೋತಿದ್ದ, ಇನ್ಯಾರೂ ಗೆಲ್ಲಲಾರರು ಎಂದು ಕಲ್ಲಿನಲ್ಲಿ ಬರೆಸಿದ್ದ ಎಂದು ಸ್ಯಾಂಡರ್ಸನ್ ಹೇಳಿಕೊಂಡಿದ್ದಾನೆ. ಮುಂದೆ ಕಬಿನಿ ದಂಡೆಯ ಅದೇ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯಿತು.

ಖೆಡ್ಡಾ ಅಂದರೆ ಒಂದು ದಿನದ ಕೆಲಸವಲ್ಲ. ಆನೆಯ ಹಿಂಡು ಎಲ್ಲಿ ಮೇಯುತ್ತಿದೆ, ರಾತ್ರಿ ಯಾವ ದಾರಿ ಹಿಡಿಯುತ್ತದೆ ಎಂದು ವಾರಗಟ್ಟಲೆ ಹೆಜ್ಜೆ ನೋಡಬೇಕು. ಸದ್ದಿಲ್ಲದೆ ಸುತ್ತುವರಿದು ಹೊಳೆಯ ಕಡೆ ತಿರುಗಿಸಬೇಕು. ಕೊನೆಯ ದಿನ ತಮಟೆ, ಕೂಗು, ಬೆಂಕಿ. ಹಿಂಡು ಕಬಿನಿಗೆ ಇಳಿಯುತ್ತದೆ. ಮರಿಗಳು ತಾಯಿಯ ಮಗ್ಗುಲಿಗೆ ಅಂಟಿಕೊಂಡು ಈಜುತ್ತವೆ. ಎದುರು ದಡ ಹತ್ತಿದರೆ ಎರಡೂ ಕಡೆ ದಿಮ್ಮಿಯ ಬೇಲಿ. ಮುಂದೆ ಹೋದಷ್ಟೂ ದಾರಿ ಕಿರಿದಾಗುತ್ತದೆ. ಕೊನೆಯ ಆನೆ ಒಳಗೆ ಕಾಲಿಟ್ಟಾಗ ಹಗ್ಗ ಕಡಿದು ಬಾಗಿಲು ಬೀಳಿಸುತ್ತಾರೆ. ಅಟ್ಟಣಿಗೆಯ ಮೇಲೆ ಕೂತು ಇದನ್ನು ನೋಡಲು ವೈಸ್‌ರಾಯ್‌ಗಳು, ಯುರೋಪಿನ ರಾಜಮನೆತನದವರು ಬರುತ್ತಿದ್ದರು.

ಹೆಜ್ಜೆ ನೋಡಿದವರು, ಸುತ್ತುವರಿದವರು, ಹಿಡಿದ ಆನೆಯನ್ನು ಮಾವುತರಾಗಿ, ಕಾವಾಡಿಗಳಾಗಿ ಪಳಗಿಸಿದವರಲ್ಲಿ ಜೇನು ಕುರುಬರು ಮತ್ತು ಬೆಟ್ಟ ಕುರುಬರು ಮುಖ್ಯರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಇದೇ ಕಾಡಿನಲ್ಲಿ ಸೆರೆ ಸಿಕ್ಕಿದ ಆನೆ. 2023ರ ಡಿಸೆಂಬರ್‌ನಲ್ಲಿ ಅವನು ಸತ್ತಾಗ ಇಡೀ ನಾಡೇ ಅತ್ತಿತು. ಅವನಂಥ ಆನೆಗಳನ್ನು ಪಳಗಿಸಿದ ಜನ ಎಲ್ಲಿ ವಾಸವಾಗಿದ್ದರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಲಿಲ್ಲ. ಅವರು ವಾಸವಾಗಿದ್ದದ್ದು ಕಾಡಿನಲ್ಲಿ. ಮಾವುತ ಎಂದು ಸಂಬಳದ ಪಟ್ಟಿಯಲ್ಲಿ ಬರೆದ ಸರ್ಕಾರಕ್ಕೆ ಅದು ಗೊತ್ತಿತ್ತು.

ಮೂರು ತಿಂಗಳು ಎರಡು ತಿಂಗಳಾದದ್ದು

ಈಗ ಕಾನೂನಿನ ಕಡೆ ಬರೋಣ. ಸ್ವಲ್ಪ ನಿಧಾನವಾಗಿ ನೋಡಬೇಕಾದ ಭಾಗ ಇದು.

1878ರ ಭಾರತೀಯ ಅರಣ್ಯ ಕಾಯ್ದೆ ಒಂದು ಅಚ್ಚು ತಯಾರಿಸಿತು. ಕೊಡಗು, ಮದ್ರಾಸ್, ಮೈಸೂರುಗಳಿಗೆ ಬೇರೆ ಬೇರೆ ನಿಯಮ ಇದ್ದವು. ಮೈಸೂರಿನದು 1900ರಲ್ಲಿ ಬಂತು. ಆದರೆ ತಿರುಳು ಹೆಚ್ಚು ಕಡಿಮೆ ಅದೇ. ಸರ್ಕಾರ ಒಂದು ಕಾಡನ್ನು ಮೀಸಲು ಮಾಡುತ್ತೇನೆ ಎಂದು ಪ್ರಕಟಿಸುತ್ತದೆ. ಒಬ್ಬ ಅಧಿಕಾರಿ ಬರುತ್ತಾನೆ. ನಿಮಗೆ ಹಕ್ಕು ಇದ್ದರೆ ಬಂದು ಹೇಳಿ ಎಂದು ಕನಿಷ್ಠ ಮೂರು ತಿಂಗಳ ಗಡುವು ಕೊಡುತ್ತಾನೆ. ಬರೆದು ಕೊಡಬಹುದು, ಇಲ್ಲವೇ ಎದುರಿಗೆ ಬಂದು ಬಾಯಲ್ಲಿ ಹೇಳಬಹುದು. ಹೇಳದೇ ಹೋದರೆ ಸಾಮಾನ್ಯವಾಗಿ ಹಕ್ಕು ಅಲ್ಲಿಗೇ ಮುಗಿಯಿತು. ಬ್ರಿಟಿಷರ ಗೆಜೆಟ್ ಓದುವವರು, ಅಧಿಕಾರಿಯ ಕ್ಯಾಂಪಿಗೆ ಹೋಗಿ ವಾದ ಮಾಡುವವರು ಅಂದು ಆ ಹಾಡಿಗಳಲ್ಲಿ ಎಷ್ಟು ಜನ ಇದ್ದಿರಬಹುದು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸ್ವತಂತ್ರ ಭಾರತದ್ದು. ಬೇಟೆ ನಿಲ್ಲಿಸಿದ್ದು ಅದು. ಇಂದು ಹುಲಿ, ಆನೆ ಉಳಿದಿರುವುದಕ್ಕೆ ಆ ಕಾಯ್ದೆಯೇ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನರ ಹಕ್ಕು ತೀರ್ಮಾನಿಸುವ ಭಾಗಕ್ಕೆ ಅದು ಹಳೆಯ ಅಚ್ಚನ್ನೇ ಬಳಸಿತು. ಪ್ರಕಟಣೆ, ಗಡುವು, ವಿಚಾರಣೆ. ವ್ಯತ್ಯಾಸ ಏನೆಂದರೆ, ಇಲ್ಲಿ ಗಡುವು ಎರಡು ತಿಂಗಳು. ಹಕ್ಕಿನ ಕೋರಿಕೆ ಲಿಖಿತವಾಗಿ, ನಿಗದಿತ ನಮೂನೆಯಲ್ಲಿ ಇರಬೇಕು. ಅಂದರೆ ಬ್ರಿಟಿಷ್ ಕಾಯ್ದೆ ಕೊಟ್ಟಿದ್ದ, ಬಾಯಲ್ಲಿ ಹೇಳುವ ಅವಕಾಶವೂ ಹೋಯಿತು. ಓದು ಬರಹ ಇಲ್ಲದ ಜನರಿಗೆ ಇದರ ಅರ್ಥ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಅಣೆಕಟ್ಟು, ಉದ್ಯಾನ, ಲೈನ್ ಮನೆ

1955ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗಲೇ, ನಾಗರಹೊಳೆ ಅಭಯಾರಣ್ಯವಾಯಿತು. ಆಮೇಲೆ ಮೈಸೂರು ಭಾಗದ ಕಾಡುಗಳು ಸೇರಿಕೊಂಡವು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿಯಿತು. ಕಣಿವೆಯ ಕಾಡು, ಊರುಗಳು, ಖೆಡ್ಡಾ ನಡೆಯುತ್ತಿದ್ದ ದಂಡೆ ನೀರಿನಡಿ ಹೋದವು. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಸತ್ತ ಮರಗಳ ಬೋಳು ಕಾಂಡ ಎದ್ದು ನಿಲ್ಲುತ್ತವೆ. ಅವುಗಳ ಬುಡದಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ನೂರಾರು ಆನೆಗಳು ಬರುತ್ತವೆ. ಪ್ರವಾಸಿಗರು ಅಷ್ಟು ಇಷ್ಟಪಡುವ ಕಬಿನಿಯ ಆ ನೋಟ ಅಣೆಕಟ್ಟಿನಿಂದ ಹುಟ್ಟಿದ್ದು.

1980ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳಿಗೆ ಜಾಗ ಇರುತ್ತದೆ, ರಾಷ್ಟ್ರೀಯ ಉದ್ಯಾನದಲ್ಲಿ ಅದು ಹೆಚ್ಚು ಕಡಿಮೆ ಪೂರ್ತಿ ಮುಚ್ಚುತ್ತದೆ. 1970, 80ರ ದಶಕಗಳಲ್ಲಿ ಹಲವು ಹಾಡಿಗಳು ಖಾಲಿಯಾದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಫರ್ ಅಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟು, ನಾಗರಹೊಳೆಯಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳಿಗೆ ಪುನರ್ವಸತಿ ಆಗಬೇಕು ಎಂದಿತು.

ಹೊರಬಿದ್ದವರು ಎಲ್ಲಿಗೆ ಹೋದರು? ತುಂಬಾ ಜನ ಪಕ್ಕದ ಕಾಫಿ ತೋಟಗಳಿಗೆ. ತೋಟದ ಲೈನ್ ಮನೆಯಲ್ಲಿ ಒಂದು ಕೋಣೆ. ಕೆಲಸ ಇರುವವರೆಗೆ ಸೂರು, ಕೆಲಸ ಬಿಟ್ಟರೆ ಸೂರೂ ಇಲ್ಲ. ಹೆಸರಿಗೆ ಜಾಗ ಇಲ್ಲದವರಿಗೆ ಸರ್ಕಾರದ ಮನೆ ಯೋಜನೆ ಸಿಗುವುದು ಕಷ್ಟ. ಹೀಗೆ ಎರಡು ತಲೆಮಾರು ಕಳೆಯಿತು. ಇನ್ನು ಕೆಲವರು 1990ರ ದಶಕದ ಕೊನೆಯಿಂದ ಹುಣಸೂರು ಕಡೆಯ ನಾಗಾಪುರದಂಥ ಪುನರ್ವಸತಿ ಹಾಡಿಗಳಿಗೆ ಹೋದರು. ಅಲ್ಲಿ ಜಮೀನು, ಮನೆ, ಶಾಲೆ ಸಿಕ್ಕಿದವರೂ ಇದ್ದಾರೆ. ಇದು ಸಾಲದು ಎನ್ನುವವರೂ ಇದ್ದಾರೆ.

ಈ ನಡುವೆ ನಡೆದ ಒಂದು ಘಟನೆ ಆದಿವಾಸಿಗಳ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಜನರನ್ನು ಹೊರಗೆ ಕಳಿಸುತ್ತಿದ್ದ ಇದೇ ಕಾಡಿನೊಳಗೆ 1990ರ ದಶಕದ ಮಧ್ಯೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ವಸತಿಗೃಹ ನಡೆಸಲು ಅನುಮತಿ ಸಿಕ್ಕಿತ್ತು. ಆದಿವಾಸಿಗಳು ಬೀದಿಗಿಳಿದರು. 1997ರ ಜನವರಿಯಲ್ಲಿ ಹೈಕೋರ್ಟ್ ಅದು ಕಾನೂನಿಗೆ ವಿರುದ್ಧ ಎಂದಿತು, ಯೋಜನೆ ನಿಂತಿತು. ಅಂದಿನಿಂದ ಅವರು ಕೇಳುವ ಪ್ರಶ್ನೆ ಬದಲಾಗಿಲ್ಲ: ಕಾಡಿಗೆ ತೊಂದರೆ ಆಗುವುದು ನಮ್ಮ ಗುಡಿಸಲಿನಿಂದ ಮಾತ್ರವೇ?

ಒಂದೇ ವರ್ಷ, ಎರಡು ಕಾನೂನು

ಇವತ್ತಿನ ಗೊಂದಲ ಪೂರ್ತಿಯಾಗಿ ಶುರುವಾದದ್ದು 2006ರಲ್ಲಿ. ಆ ವರ್ಷ ಸಂಸತ್ತು ಎರಡು ಕೆಲಸ ಮಾಡಿತು. ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವನ್ನು ಕಟ್ಟಿತು. ಹುಲಿಗಳ ಕೋರ್ ಪ್ರದೇಶದಲ್ಲಿ (ಹುಲಿ ಕಾಡಿನ ಒಳಭಾಗದಲ್ಲಿ) ಮನುಷ್ಯರ ಓಡಾಟ ಇರಬಾರದು, ಒಳಗಿರುವವರನ್ನು ಅವರ ಒಪ್ಪಿಗೆಯಿಂದ ಸ್ಥಳಾಂತರಿಸಬೇಕು ಎಂದಿತು. ಅದೇ ವರ್ಷದ ಕೊನೆಗೆ ಅರಣ್ಯ ಹಕ್ಕು ಕಾಯ್ದೆಯನ್ನೂ ಒಪ್ಪಿತು. ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯ ಆಗಿದೆ ಎಂದು ಆ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ.

ಎರಡೂ ಒಂದಕ್ಕೊಂದು ವಿರುದ್ಧ ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಓದಿ ನೋಡಿದರೆ ಹಾಗಿಲ್ಲ. ಹಕ್ಕುಗಳನ್ನು ಗುರುತಿಸಿ ಮುಗಿಸುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ಹಕ್ಕು ತೀರ್ಮಾನ ಆದ ಮೇಲೆಯೇ, ಗ್ರಾಮಸಭೆಯ ಒಪ್ಪಿಗೆ ಪಡೆದೇ ಸ್ಥಳಾಂತರ ಎಂದು ವನ್ಯಜೀವಿ ಕಾಯ್ದೆಯ ತಿದ್ದುಪಡಿಯೂ ಹೇಳುತ್ತದೆ. ಅಂದರೆ ಕ್ರಮ ಸ್ಪಷ್ಟ. ಮೊದಲು ಹಕ್ಕು, ಆಮೇಲೆ ಒಪ್ಪಿಗೆ, ಆಮೇಲೆ ಸ್ಥಳಾಂತರ. ತೊಂದರೆ ಆಗುತ್ತಿರುವುದು ಈ ಕ್ರಮ ತಲೆಕೆಳಗಾದಾಗ. 2017ರಲ್ಲಿ ಹುಲಿ ಪ್ರಾಧಿಕಾರ ಕೋರ್ ಪ್ರದೇಶದಲ್ಲಿ ಹಕ್ಕು ಕೊಡಬೇಡಿ ಎಂದು ಸೂಚಿಸಿತು, ಮರುವರ್ಷ ಅದನ್ನು ವಾಪಸ್ ಪಡೆಯಿತು. 2024ರ ಜೂನ್‌ನಲ್ಲಿ ಇನ್ನೊಂದು ಪತ್ರ ಬರೆದು, ದೇಶದ ಕೋರ್ ಪ್ರದೇಶಗಳಲ್ಲಿ 591 ಊರು, 64,801 ಕುಟುಂಬಗಳಿವೆ, ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಕೆಳಗಿನ ಹಂತದ ಅಧಿಕಾರಿಗೆ ಯಾವ ಸಂದೇಶ ತಲುಪುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

2005ರ ಡಿಸೆಂಬರ್ 13

ಕರಡಿಕಲ್ಲಿನ ವಿಷಯದಲ್ಲಿ ನಿಜವಾದ ಕಾನೂನು ಪ್ರಶ್ನೆ ಈ ತಾರೀಖಿಗೆ ಸಂಬಂಧಿಸಿದ್ದು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕಿಂತ ಮೊದಲು ಜಾಗ ಸ್ವಾಧೀನದಲ್ಲಿದ್ದರೆ ಪರಿಶಿಷ್ಟ ಪಂಗಡದವರಿಗೆ ಅದರ ಹಕ್ಕು ಸಿಗುತ್ತದೆ. (75 ವರ್ಷ ಅಲ್ಲಿ ಇದ್ದಿರಬೇಕು ಎಂಬ ಷರತ್ತು ಪರಿಶಿಷ್ಟ ಪಂಗಡ ಅಲ್ಲದ ಅರಣ್ಯವಾಸಿಗಳಿಗೆ ಮಾತ್ರ. ಇದನ್ನು ತುಂಬಾ ಕಡೆ ತಪ್ಪಾಗಿ ಬರೆಯುತ್ತಾರೆ.)

ಈಗ ಇಲಾಖೆಯ ವಾದ ಅರ್ಥವಾಗುತ್ತದೆ. ಆ ದಿನ ಈ 52 ಕುಟುಂಬಗಳು ಅಲ್ಲಿ ಇರಲಿಲ್ಲ. ಇಲ್ಲದವರಿಗೆ ಸ್ವಾಧೀನ ಎಲ್ಲಿಂದ ಬರುತ್ತದೆ? ಮೇಲ್ನೋಟಕ್ಕೆ ಸರಿಯಾದ ಪ್ರಶ್ನೆಯೇ.

ಆದರೆ ಕಾಯ್ದೆ ಅಲ್ಲಿಗೆ ನಿಲ್ಲುವುದಿಲ್ಲ. ಆ ತಾರೀಖಿಗೆ ಮೊದಲು ಕಾನೂನು ಮೀರಿ ಎಬ್ಬಿಸಿದ್ದರೆ, ಪುನರ್ವಸತಿಯನ್ನೂ ಕೊಡದಿದ್ದರೆ, ಅವರಿಗೆ ಮೂಲ ಜಾಗದಲ್ಲೇ ನೆಲೆ ಅಥವಾ ಬದಲಿ ಭೂಮಿ ಪಡೆಯುವ ಹಕ್ಕು ಇದೆ ಎಂದು ಅದರ ಮೂರನೇ ಸೆಕ್ಷನ್ ಹೇಳುತ್ತದೆ. ಸುಮ್ನೆ ಯೋಚಿಸಿ. ಒಬ್ಬರನ್ನು ಮನೆಯಿಂದ ಹೊರಗೆ ಹಾಕಿ, ಆಮೇಲೆ ನೀನು ಮನೆಯಲ್ಲಿ ಇರಲಿಲ್ಲ, ಹಾಗಾಗಿ ಮನೆ ನಿನ್ನದಲ್ಲ ಎನ್ನುವುದು ಸರಿಯಾಗುವುದಿಲ್ಲ ಎಂದು ಕಾನೂನು ಮಾಡಿದವರಿಗೂ ಗೊತ್ತಿತ್ತು. ಆದ್ದರಿಂದ ಪ್ರಶ್ನೆ 2005ರಲ್ಲಿ ಅಲ್ಲಿ ಯಾರಿದ್ದರು ಎಂಬುದಕ್ಕೆ ಮುಗಿಯುವುದಿಲ್ಲ. ಅದಕ್ಕಿಂತ ಮೊದಲು ಅಲ್ಲಿ ಹಾಡಿ ಇತ್ತೇ, ಅವರು ತಾವಾಗಿ ಹೋದರೇ, ಯಾರಾದರೂ ಎಬ್ಬಿಸಿದರೇ ಎಂಬುದನ್ನೂ ನೋಡಬೇಕು.

ಉಪಗ್ರಹಕ್ಕೆ ಕಾಣದ ಗುಡಿಸಲು

ಹಾಗಾದರೆ ಹಾಡಿ ಇತ್ತು ಎಂದು ಸಾಬೀತು ಮಾಡುವುದು ಹೇಗೆ? ಪಹಣಿ ಇಲ್ಲ. ಪಟ್ಟೆ ಇಲ್ಲ. ಹಳೆಯ ಉಪಗ್ರಹ ಚಿತ್ರ ನೋಡಿ ಎನ್ನುವುದು ಇಲಾಖೆಗಳಿಗೆ ಸುಲಭದ ದಾರಿ. ಆದರೆ ಹಳೆಯ ಜೇನು ಕುರುಬ ಗುಡಿಸಲು ಹೇಗಿರುತ್ತಿತ್ತು ಎಂದು ನೋಡಿ. ಬಿದಿರಿನ ತಡಿಕೆ, ಮೇಲೆ ಮಣ್ಣು, ಹುಲ್ಲಿನ ಸೂರು, ಸುತ್ತ ಮರ. ಮೇಲಿನಿಂದ ನೋಡಿದರೆ ಎಲೆಯ ಹೊದಿಕೆ ಮಾತ್ರ. ಅಂಥ ಮನೆ ಬಿದ್ದು ಎರಡು ಮಳೆಗಾಲ ಕಳೆದರೆ ನೆಲದ ಮೇಲೂ ಗುರುತು ಸಿಗುವುದಿಲ್ಲ. 1980ರ ದಶಕದ ಉಪಗ್ರಹ ಚಿತ್ರಗಳು ಇಂದಿನಷ್ಟು ಸ್ಪಷ್ಟವೂ ಅಲ್ಲ. ಅದರಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಮನೆ ಇರಲಿಲ್ಲ ಎನ್ನಲಾಗದು.

ಇದನ್ನು ನಿಯಮಗಳೇ ಒಪ್ಪುತ್ತವೆ. ಉಪಗ್ರಹ ಚಿತ್ರ ಬೇರೆ ಪುರಾವೆಗೆ ಪೂರಕವಾಗಬಹುದು, ಬದಲಿ ಆಗಬಾರದು ಎಂದು ಅರಣ್ಯ ಹಕ್ಕು ನಿಯಮಗಳಲ್ಲಿ ಬರೆದಿದೆ. ಒಪ್ಪಬಹುದಾದ ಪುರಾವೆಗಳ ಪಟ್ಟಿಯಲ್ಲಿ ಹಿರಿಯರ ಹೇಳಿಕೆ ಇದೆ. ಬಾವಿ, ಸಮಾಧಿ, ದೇವರ ಜಾಗ ಇವೆ. ಜನಗಣತಿ ಇದೆ, ಅರಣ್ಯ ಇಲಾಖೆಯ ಹಳೆಯ ಕಾರ್ಯಯೋಜನೆಗಳಿವೆ. ಗೆಜೆಟಿಯರ್ ಕೂಡ ಇದೆ. ಬ್ರಿಟಿಷರು ವರ್ಣನೆಗೆಂದು ಬರೆದುಕೊಂಡ ಅದೇ ಪುಟಗಳು ಇಂದು ಇವರ ಪರ ಸಾಕ್ಷಿ ಹೇಳಬಹುದು. ತೇಗದ ತೋಪಿಗೆ ಕೂಲಿ ಕೊಟ್ಟ ಲೆಕ್ಕ, ಆನೆ ಕ್ಯಾಂಪಿನ ಹಾಜರಿ ಪುಸ್ತಕ, ಇವೂ ಸರ್ಕಾರದ ಕಪಾಟಿನಲ್ಲೇ ಇರಬೇಕಾದವು. ಕಾಗದ ಕೇಳುತ್ತಿರುವ ಇಲಾಖೆಯೇ ಕಾಗದ ಇಟ್ಟುಕೊಂಡಿರುವ ಇಲಾಖೆ. ಅದು ತಾನಾಗಿ ಅವನ್ನು ತೆಗೆದು ಸಮಿತಿಯ ಮುಂದೆ ಇಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಜಿದಾರರು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅಲೆಯುವ ಹಾಗೆ ಆಗಬಾರದು.

ಹುಲಿಯ ಪರ ನಿಂತವರ ಮಾತು

ವನ್ಯಜೀವಿ ತಜ್ಞರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಾಗರಹೊಳೆ ಒಂದು ಕಾಲಕ್ಕೆ ಬೇಟೆ, ಮರಗಳ್ಳತನ, ದನ ಮೇಯಿಸುವುದರಿಂದ ಸೊರಗಿತ್ತು. ಕೆ.ಎಂ. ಚಿಣ್ಣಪ್ಪ ಅವರಂಥ ಅರಣ್ಯ ಅಧಿಕಾರಿಗಳು ಜೀವ ಒತ್ತೆಯಿಟ್ಟು ಕಾದರು. ಉಲ್ಲಾಸ ಕಾರಂತರು 1980ರ ದಶಕದಿಂದ ಇಲ್ಲೇ ಹುಲಿಗಳ ಅಧ್ಯಯನ ನಡೆಸಿದರು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಆಹಾರಕ್ಕೆ ಬೇಕು, ಅಷ್ಟು ಬೇಟೆ ಪ್ರಾಣಿ ಉಳಿಯಬೇಕಾದರೆ ನೆಮ್ಮದಿಯ ಕಾಡು ಬೇಕು ಎಂಬುದು ಇಂಥ ಅಧ್ಯಯನಗಳ ಪಾಠ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿ ಸಿಕ್ಕವು, ಬಂಡೀಪುರದಲ್ಲಿ 150. ದೇಶದಲ್ಲಿ ಇವೆರಡಕ್ಕಿಂತ ಹೆಚ್ಚು ಹುಲಿ ಇರುವುದು ಕಾರ್ಬೆಟ್‌ನಲ್ಲಿ ಮಾತ್ರ. ಇಷ್ಟು ಕಷ್ಟಪಟ್ಟು ಉಳಿಸಿದ ಜಾಗದೊಳಗೆ ಹೊಸ ಮನೆ, ಆಮೇಲೆ ರಸ್ತೆ, ಕರೆಂಟು, ದನ ಬಂದರೆ ಕಾಡು ತುಂಡಾಗುತ್ತದೆ ಎಂಬುದು ಅವರ ಭಯ. ಒಂದು ಹಾಡಿಗೆ ಒಪ್ಪಿದರೆ ಹೊರಬಿದ್ದ ಸಾವಿರಾರು ಕುಟುಂಬ ಬರುತ್ತವೆ ಎಂಬ ಆತಂಕವೂ ಇದೆ.

ಇದರ ಜೊತೆ ಇನ್ನೊಂದು ಮಾತು ಸೇರಿಸಬೇಕು. ಆದಿವಾಸಿಗಳೆಲ್ಲರ ಅಭಿಪ್ರಾಯ ಒಂದೇ ಅಲ್ಲ. ಮಕ್ಕಳಿಗೆ ಶಾಲೆ ಬೇಕು, ರಾತ್ರಿ ಹೆರಿಗೆ ನೋವು ಬಂದರೆ ಆಸ್ಪತ್ರೆ ಹತ್ತಿರ ಇರಬೇಕು, ನಾವು ಹೊರಗೆ ಹೋಗುತ್ತೇವೆ ಎನ್ನುವವರೂ ಇದ್ದಾರೆ. ಅವರಿಗೆ ಈಗ ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪ್ಯಾಕೇಜ್ ಇದೆ, 2021ರವರೆಗೆ ಅದು 10 ಲಕ್ಷ ಇತ್ತು. ನಾಗರಹೊಳೆ ಆದಿವಾಸಿ ಜಮ್ಮಾಪಾಳೆ ಹಕ್ಕು ಸ್ಥಾಪನಾ ಸಮಿತಿಯಂಥ ಸಂಘಟನೆಗಳು ಇಲ್ಲೇ ಇರುತ್ತೇವೆ ಎನ್ನುವವರ ಪರ ನಿಂತಿವೆ. ಇಬ್ಬರ ಬೇಡಿಕೆಯೂ ನಿಜ. ಒಬ್ಬರನ್ನು ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವುದು ಸರಿಯಲ್ಲ.

ಭಯದಲ್ಲಿ ಒಂದು ಭಾಗಕ್ಕೆ ಕಾಯ್ದೆಯಲ್ಲೇ ಉತ್ತರ ಇದೆ. ಅರಣ್ಯ ಹಕ್ಕಿನಲ್ಲಿ ಸಿಗುವ ಭೂಮಿ ಹೆಚ್ಚೆಂದರೆ ನಾಲ್ಕು ಹೆಕ್ಟೇರ್. ಅದನ್ನು ಮಾರುವಂತಿಲ್ಲ, ಬೇರೆಯವರ ಹೆಸರಿಗೆ ಮಾಡುವಂತಿಲ್ಲ. ವಾರಸುದಾರರಿಗೆ ಮಾತ್ರ ಹೋಗುತ್ತದೆ. ಇಂದು ಹಾಡಿ, ನಾಳೆ ರೆಸಾರ್ಟ್ ಎನ್ನುವ ವಾದಕ್ಕೆ ಇಲ್ಲಿ ಬುಡವಿಲ್ಲ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ 2011ರಲ್ಲಿ ಸೋಲಿಗ ಆದಿವಾಸಿಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಇವತ್ತೂ ಅಲ್ಲಿ ಹುಲಿಗಳಿವೆ, ಸೋಲಿಗರೂ ಇದ್ದಾರೆ. ಆದರೆ ಅದನ್ನು ನಾಗರಹೊಳೆಗೆ ಹಾಗೇ ತಂದು ಅಂಟಿಸುವುದೂ ಅವಸರವಾಗುತ್ತದೆ. ಸೋಲಿಗರು ಕಾಡಿನೊಳಗೇ ಇದ್ದು ಹಕ್ಕು ಪಡೆದವರು, ಇವರು ಹೊರಗಿನಿಂದ ವಾಪಸ್ ಬಂದವರು. ಇಲ್ಲಿ ಹುಲಿಯ ಸಾಂದ್ರತೆಯೂ ಜಾಸ್ತಿ, ಮನುಷ್ಯರಿಗೆ ಅಪಾಯವೂ ಜಾಸ್ತಿ.

ಹುಲಿ ಹೊಲಕ್ಕೆ ಬಂದದ್ದು ಯಾಕೆ

ಮೊದಲು ಕೇಳಿದ ಇನ್ನೊಂದು ಪ್ರಶ್ನೆ ಬಾಕಿ ಇದೆ. ಹುಲಿ ಒಂಟಿ ಪ್ರಾಣಿ, ಪ್ರತಿಯೊಂದಕ್ಕೂ ತನ್ನ ಸರಹದ್ದು ಬೇಕು. ರಕ್ಷಣೆ ಚೆನ್ನಾಗಿದ್ದರೆ ಮರಿಗಳು ಬದುಕುತ್ತವೆ. ಎರಡು ವರ್ಷದ ಹೊತ್ತಿಗೆ ಅವು ತಾಯಿಯನ್ನು ಬಿಟ್ಟು ಜಾಗ ಹುಡುಕಬೇಕು. ಒಳಗೆ ಬಲಿಷ್ಠ ಹುಲಿಗಳು ಕೂತಿರುತ್ತವೆ. ಹಾಗಾಗಿ ಎಳೆಯವು, ಮುದಿಯಾದವು, ಗಾಯಗೊಂಡವು ಅಂಚಿಗೆ ಬರುತ್ತವೆ. ಅಂಚಿನಲ್ಲಿ ದನ ಇದೆ, ಹೊಲ ಇದೆ, ಕಾಫಿ ತೋಟ ಇದೆ. ಅಂದರೆ ಹುಲಿ ಹೊರಗೆ ಬರುವುದು ಒಂದು ಮಟ್ಟಿಗೆ ಸಂರಕ್ಷಣೆ ಗೆದ್ದಿರುವುದರ ಪರಿಣಾಮ. ಅದರ ಬೆಲೆ ತೆರುತ್ತಿರುವವರು ಮಾತ್ರ ಕಾಡಂಚಿನ ರೈತರು.

ಕಾಡಿನೊಳಗಿನ ಮೇವು ಕಡಿಮೆಯಾಗಿರುವುದೂ ಸೇರಿಕೊಂಡಿದೆ. ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ತಂದ ಲಂಟಾನ ಇಂದು ನಾಗರಹೊಳೆ, ಬಂಡೀಪುರದ ನೆಲವನ್ನು ಹಬ್ಬಿಕೊಂಡಿದೆ. ಅದರ ಜೊತೆ ಹಳದಿ ಹೂವಿನ ಸೆನ್ನಾ ಮರವೂ ಸೇರಿದೆ. ಇವುಗಳ ಕೆಳಗೆ ಹುಲ್ಲು ಬರುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ, ಆನೆ ಬೆಳೆಯ ಕಡೆ ನಡೆಯುತ್ತದೆ. ಹಿಂದೆ ನಾವು ಬೇಸಿಗೆಯ ಮೊದಲಿಗೆ ತರಗೆಲೆಗೆ ಸಣ್ಣ ಬೆಂಕಿ ಕೊಟ್ಟು ಕಳೆ ತಡೆಯುತ್ತಿದ್ದೆವು, ಅದನ್ನು ನಿಷೇಧಿಸಿದ ಮೇಲೆ ಲಂಟಾನ ಹಬ್ಬಿತು ಎಂದು ಸೋಲಿಗರೂ ಹೇಳುತ್ತಾರೆ. ಕಾಡಿನ ಬೆಂಕಿ ಎಲ್ಲವೂ ಕೆಟ್ಟದ್ದು ಎಂಬ ತೀರ್ಮಾನವೂ ತೇಗದ ಲೆಕ್ಕದ ಕಾಲದಿಂದಲೇ ಬಂದದ್ದು.

ಸಫಾರಿ ನಿಲ್ಲಿಸುವುದರಿಂದ ಹುಲಿ ಒಳಗೇ ಉಳಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಸಿಬ್ಬಂದಿಯನ್ನು, ವಾಹನಗಳನ್ನು ಊರುಗಳ ಕಡೆ ಗಸ್ತಿಗೆ ಕಳಿಸಲು ಅದು ನೆರವಾಗುತ್ತದೆ. ರೈತರ ಸಿಟ್ಟಿಗೆ ಸರ್ಕಾರ ಕಿವಿಗೊಟ್ಟಿದೆ ಎಂದೂ ತೋರಿಸುತ್ತದೆ.

ಇಲ್ಲಿಂದ ಮುಂದೆ

ಹಕ್ಕಿನ ಅರ್ಜಿಯ ದಾರಿ ಮೂರು ಮೆಟ್ಟಿಲಿನದು. ಗ್ರಾಮಸಭೆ ಪರಿಶೀಲಿಸುತ್ತದೆ, ಉಪವಿಭಾಗ ಮಟ್ಟದ ಸಮಿತಿ ನೋಡುತ್ತದೆ, ಜಿಲ್ಲಾ ಮಟ್ಟದ ಸಮಿತಿ ಕೊನೆಯ ತೀರ್ಮಾನ ಮಾಡುತ್ತದೆ. ತಿರಸ್ಕರಿಸಿದರೆ ಕಾರಣ ಬರೆಯಬೇಕು. ಅರ್ಜಿದಾರರಿಗೆ ತಿಳಿಸಬೇಕು. 2019ರ ಫೆಬ್ರವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ಹೊರಹಾಕಿ ಎಂದು ಸುಪ್ರೀಂ ಕೋರ್ಟ್ ಹೇಳಿ, ಎರಡು ವಾರದಲ್ಲಿ ಅದೇ ಆದೇಶಕ್ಕೆ ತಡೆ ಕೊಟ್ಟದ್ದು ಇದೇ ಕಾರಣಕ್ಕೆ: ಸರಿಯಾದ ಕ್ರಮ ಪಾಲಿಸದೆ ಎಷ್ಟು ಅರ್ಜಿ ತಳ್ಳಿಹಾಕಿದ್ದಾರೆ ಎಂದು ನೋಡಬೇಕಿತ್ತು.

ಕರಡಿಕಲ್ಲಿನ ಕುಟುಂಬಗಳನ್ನು ಪೊಲೀಸ್ ಬಲದಿಂದ ಎಬ್ಬಿಸಿದರೆ ಜಗಳ ಮುಗಿಯುವುದಿಲ್ಲ, ಕೋರ್ಟಿಗೆ ಹೋಗುತ್ತದೆ. ಉಳಿದ ಹಾಡಿಗಳಲ್ಲಿ ಸ್ಥಳಾಂತರಕ್ಕೆ ಮನಸ್ಸು ಮಾಡುತ್ತಿದ್ದವರೂ ಹಿಂಜರಿಯುತ್ತಾರೆ. ಬೆಂಕಿ ಬಿದ್ದಾಗ ಆರಿಸಲು, ಹುಲಿ ಹೆಜ್ಜೆ ನೋಡಲು, ಗಸ್ತು ತಿರುಗಲು ಇಲಾಖೆಗೆ ಬೇಕಾಗಿರುವುದು ಇದೇ ಜನ ಎಂಬುದನ್ನೂ ಮರೆಯಬಾರದು. ವಿಚಾರಣೆ ಇಲ್ಲದೆ ಎಲ್ಲರಿಗೂ ಹಕ್ಕುಪತ್ರ ಹಂಚಿದರೆ ಅದೂ ನಿಲ್ಲುವುದಿಲ್ಲ, ಇನ್ನೊಂದು ಕಡೆಯವರು ಕೋರ್ಟಿಗೆ ಹೋಗುತ್ತಾರೆ. ಹಕ್ಕು ಇದೆ ಎಂದು ಸರಿಯಾಗಿ ತೀರ್ಮಾನವಾದರೆ ಮಾತ್ರ ಮಾತುಕತೆಗೆ ಜಾಗ ಸಿಗುತ್ತದೆ. ಹಕ್ಕುಪತ್ರ ಕೈಯಲ್ಲಿರುವ ಕುಟುಂಬ ಅಲ್ಲೇ ಉಳಿಯಬಹುದು, ಇಲ್ಲವೇ ಕಾಡಂಚಿನಲ್ಲಿ ಒಳ್ಳೆಯ ಬದಲಿ ಭೂಮಿ ಕೇಳಿ ಹೊರಗೆ ಬರಬಹುದು. ಹಕ್ಕೇ ಇಲ್ಲದವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯುವುದು ಕಷ್ಟ.

ಅದಕ್ಕೆ ಸಮಿತಿಯವರು ಸ್ಥಳಕ್ಕೆ ಹೋಗಿ ನೋಡಬೇಕಾಗುತ್ತದೆ. ಗುಡಿಸಲಿನ ಗುರುತು ಸಿಗದಿರಬಹುದು. ಹಿರಿಯರನ್ನು ಹೂತ ಜಾಗ, ದೇವರ ಕಲ್ಲು, ನೀರು ತರುತ್ತಿದ್ದ ಹೊಂಡ ಎಲ್ಲಿದೆ ಎಂದು ತೋರಿಸಲು ಅಲ್ಲಿ ಹುಟ್ಟಿ ಬೆಳೆದ ಹಿರಿಯರು ಇನ್ನೂ ಬದುಕಿದ್ದಾರೆ. ಅವರಿಗೂ ವಯಸ್ಸಾಗುತ್ತಿದೆ.